ಕಾಫಿಪುಡಿ ಸಾಕಮ್ಮ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಕಾಫಿ ಗಿಡ ಬೆಳೆಯುವುದಿಲ್ಲ. ರಾಗಿ, ಕಡಲೆಕಾಯಿಗಳ ಸೀಮೆ ಅದು. ಆದರೆ ಬೆಂಗಳೂರಿನ ಮನೆಮನೆಗೆ ಕಾಫಿಪುಡಿ ಮುಟ್ಟಿಸಿದ ಹೆಣ್ಣುಮಗಳು ಹುಟ್ಟಿದ್ದು ಇದೇ ತುಮಕೂರು ಜಿಲ್ಲೆಯಲ್ಲಿ. ಬಸವನಗುಡಿಯ ‘ಸಾಕಮ್ಮ ಗಾರ್ಡನ್’ ಎಂಬ ಹೆಸರು ಆಕೆಯ ನೆನಪು.

ದೊಡ್ಡಮನೆ ಸಾಕಮ್ಮ ಬಿದರೆ ಗ್ರಾಮದಲ್ಲಿ 1880ರಲ್ಲಿ ಹುಟ್ಟಿದರು.  ಕೊಡಗಿನ ಶ್ರೀಮಂತ ಕಾಫಿ ಬೆಳೆಗಾರ ದೊಡ್ಡಮನೆ ಚಿಕ್ಕಬಸಪ್ಪ ಶೆಟ್ಟಿಯವರಿಗೆ ಅವರು ಮೂರನೆಯ ಹೆಂಡತಿಯಾದರು. ಪತಿ ಬಹುಕಾಲ ಬಾಳಲಿಲ್ಲ, ಸವತಿಯರೂ ತೀರಿಕೊಂಡರು. ತೋಟದ ಹೊಣೆಯೆಲ್ಲ ಎಳೆಯ ವಿಧವೆಯ ಹೆಗಲಿಗೆ ಬಂತು.

ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅವಿಭಕ್ತ ಕುಟುಂಬದ ವಿಧವೆಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಜೀವನಾಂಶ ಮಾತ್ರ. ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು ಮೈಸೂರು ಸಂಸ್ಥಾನದಲ್ಲಿ ಬಂದದ್ದೇ 1933ರಲ್ಲಿ. ಅದಕ್ಕೂ ಎಷ್ಟೋ ಮುಂಚೆ ಸಾಕಮ್ಮನವರು ಆಳುಕಾಳು, ಲೆಕ್ಕಪತ್ರ, ಮಾರಾಟಗಳನ್ನೆಲ್ಲ ತಾವೇ ನೋಡಿಕೊಂಡರು.

ಅವರ ಜಾಣ್ಮೆ ಎದ್ದು ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಹಣ್ಣು ಬಿಡಿಸಿ ಒಣಗಿಸಿದ ಬೀಜವನ್ನು ವರ್ತಕರಿಗೆ ಕೊಟ್ಟರೆ ಬೆಳೆಗಾರನ ಕೆಲಸ ಮುಗಿಯಿತು. ಬೆಲೆ ಕಟ್ಟುವವರು ಬೇರೆಯವರು. ಇತ್ತ ಪೇಟೆಯ ಗೃಹಿಣಿಗೆ ಬೀಜ ತಂದು ಬಾಣಲೆಯಲ್ಲಿ ಹುರಿದು, ಕೈಯಂತ್ರ ತಿರುಗಿಸಿ ಪುಡಿ ಮಾಡುವ ಪಾಡು. ಹುರಿಯುವುದು ತುಸು ಹೆಚ್ಚಾದರೆ ಕಹಿ, ಕಡಿಮೆಯಾದರೆ ರುಚಿಯೇ ಇಲ್ಲ. ಸಾಕಮ್ಮನವರು ತೋಟಕ್ಕೂ ಲೋಟಕ್ಕೂ ನಡುವಿನ ಈ ದಾರಿಯನ್ನೇ ಉದ್ಯಮ ಮಾಡಿಕೊಂಡರು. ಬೆಂಗಳೂರಿಗೆ ಬಂದು, 1920ರ ಹೊತ್ತಿಗೆ ಬಸವನಗುಡಿಯಲ್ಲಿ ‘ಸಾಕಮ್ಮ ಕಾಫಿ ವರ್ಕ್ಸ್’ ತೆರೆದರು. ದೇಶದೊಳಗೆ ಕಾಫಿ ಬಳಕೆ ಹೆಚ್ಚಿಸಲು ಸರ್ಕಾರ ಕಾಫಿ ಸೆಸ್ ಸಮಿತಿ ರಚಿಸಿದ್ದು 1935ರಲ್ಲಿ. ಮನೆಯ ಮಾರುಕಟ್ಟೆಯ ಬೆಲೆಯನ್ನು ಸಾಕಮ್ಮ ಅದಕ್ಕಿಂತ ಮೊದಲೇ ಅರಿತಿದ್ದರು. ಜನ ಅವರನ್ನು ‘ಕಾಫಿಪುಡಿ ಸಾಕಮ್ಮ’ ಎಂದೇ ಕರೆದರು.

ಗಳಿಸಿದ್ದನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಲಿಲ್ಲ. ವಿದ್ಯಾರ್ಥಿನಿಲಯಕ್ಕೆ ನೆರವಾದರು, ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯೆಯೂ ಆದರು. ನಾಲ್ವಡಿ ಕೃಷ್ಣರಾಜ ಒಡೆಯರು ‘ಲೋಕಸೇವಾಪರಾಯಣೆ’ ಬಿರುದಿತ್ತರು. ಬ್ರಿಟಿಷ್ ಸರ್ಕಾರ ಕೈಸರ್-ಇ-ಹಿಂದ್ ಪದಕ ನೀಡಿತು.

ಸಾಕಮ್ಮನವರು 1950ರಲ್ಲಿ ತೀರಿಕೊಂಡರು. ಹೆಂಗಸಿನ ಹೆಸರಿಗೆ ಮುಂದೆ ಗಂಡನ ಅಥವಾ ಮಗನ ಹೆಸರು ಅಂಟುತ್ತಿದ್ದ ಕಾಲವದು. ಸಾಕಮ್ಮನವರ ಹೆಸರಿಗೆ ಅಂಟಿಕೊಂಡದ್ದು ಮಾತ್ರ ಅವರ ಕಸುಬು. ಪೊಟ್ಟಣದ ಮೇಲೆ, ಮಳಿಗೆಯ ಮೇಲೆ, ಕೊನೆಗೆ ಒಂದು ಬಡಾವಣೆಯ ಮೇಲೂ ಆ ಹೆಸರೇ ನಿಂತಿತು.