ರೇಷ್ಮೆ ಬಿತ್ತನೆಯಲ್ಲಿ ಗಂಡು-ಹೆಣ್ಣು

ರೇಷ್ಮೆಹುಳು ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ತಾಯಿಯ ಮೊಟ್ಟೆಯೇ ನಿರ್ಧರಿಸುತ್ತದೆ. ಮನುಷ್ಯರಲ್ಲಿ ಎಕ್ಸ್ ಮತ್ತು ವೈ ಎಂಬ ಬೇರೆಬೇರೆ ವರ್ಣತಂತುಗಳಿರುವುದು ತಂದೆಯಲ್ಲಿ. ರೇಷ್ಮೆಹುಳುವಿನಲ್ಲಿ ಇದು ತಿರುವುಮುರುವು. ಅದರ 28 ಜೋಡಿ ವರ್ಣತಂತುಗಳಲ್ಲಿ ಒಂದು ಜೋಡಿ ಗಂಡಿನಲ್ಲಿ ಝಡ್-ಝಡ್ ಆಗಿದ್ದರೆ ಹೆಣ್ಣಿನಲ್ಲಿ ಝಡ್-ಡಬ್ಲ್ಯು ಆಗಿರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಯ ರೇಷ್ಮೆ ಕಸುಬು ಈ ಭೇದವನ್ನು ಹೆಸರಿಟ್ಟು ಕರೆಯದೆಯೇ ದಿನನಿತ್ಯದ ಕೆಲಸದಲ್ಲಿ ಬಳಸಿಕೊಂಡು ಬಂದಿದೆ.

ವರ್ಷವಿಡೀ ಹರಿಯುವ ಹೊಳೆ ಈ ಸೀಮೆಯಲ್ಲಿಲ್ಲ. ಕೆರೆ, ಬಾವಿ, ಆಮೇಲೆ ಕೊಳವೆಬಾವಿಯ ನೀರಿನಲ್ಲಿ ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವುದು ಇಲ್ಲಿನ ಬದುಕು. 2007ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಗೆ ಸೇರಿದ್ದವು.

ಹಳೆಯ ಮೈಸೂರು ತಳಿಯೊಂದನ್ನೇ ಸಾಕುತ್ತಿದ್ದ ಕಾಲದಲ್ಲಿ ಗಂಡು-ಹೆಣ್ಣನ್ನು ಬೇರ್ಪಡಿಸುವ ಅಗತ್ಯವಿರಲಿಲ್ಲ. ಒಳ್ಳೆಯ ಗೂಡನ್ನು ಬಿತ್ತನೆಗೆಂದು ಎತ್ತಿಟ್ಟರೆ ಚಿಟ್ಟೆಗಳು ಹೊರಬಂದು ತಾವೇ ಕೂಡುತ್ತಿದ್ದವು. 1906ರಲ್ಲಿ ಜಪಾನಿನ ತೊಯಾಮ ಕಮೆತಾರೊ, ಎರಡು ತಳಿ ಬೆರೆಸಿದ ಮೊದಲ ಪೀಳಿಗೆಯ ಹುಳುಗಳನ್ನೇ ರೈತರು ಸಾಕಬೇಕೆಂದು ಹೇಳಿದ. ಆ ವಿಚಾರ 1920ರ ದಶಕದ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೂ ತಲುಪಿತು. ಸ್ಥಳೀಯ ಹೆಣ್ಣಿಗೆ ವಿದೇಶಿ ತಳಿಯ ಗಂಡನ್ನು ಕೂಡಿಸಿದರೆ ಇಲ್ಲಿನ ಸೆಕೆಯನ್ನು ತಾಳುವ, ಹೆಚ್ಚು ನೂಲು ಕೊಡುವ ಮಿಶ್ರತಳಿ ಸಿಗುತ್ತದೆ. ಒಂದೇ ತಳಿಯ ಗಂಡು-ಹೆಣ್ಣು ಮೊದಲೇ ಕೂಡಿಬಿಟ್ಟರೆ ಮಾತ್ರ ಇಡೀ ಲೆಕ್ಕ ತಪ್ಪುತ್ತದೆ.

ರೈತರಿಗೆ ಮೊಟ್ಟೆ ತಯಾರಿಸಿಕೊಡುವ ಬಿತ್ತನೆ ಕೋಠಿಯ ಅತಿ ಸೂಕ್ಷ್ಮ ಕೆಲಸ ಹುಟ್ಟಿದ್ದು ಇಲ್ಲಿಂದ. ಗೂಡಿನ ತುದಿ ಕತ್ತರಿಸಿ ಪ್ಯೂಪವನ್ನು ಹೊರತೆಗೆದು, ಅದರ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಹೊಟ್ಟೆಯ ಎಂಟನೆಯ ಖಂಡದಲ್ಲಿ ಉದ್ದಕ್ಕೆ ತೆಳುವಾದ ಗೆರೆಯಿದ್ದರೆ ಹೆಣ್ಣು. ಒಂಬತ್ತನೆಯದರಲ್ಲಿ ಸಣ್ಣ ಚುಕ್ಕೆಯಿದ್ದರೆ ಗಂಡು. ಚಿಟ್ಟೆ ಹೊರಬರುವ ಮೊದಲೇ ರಾಶಿ ರಾಶಿ ಪ್ಯೂಪಗಳನ್ನು ಹೀಗೆ ಒಂದೊಂದಾಗಿ ನೋಡಿ ವಿಂಗಡಿಸಬೇಕು. ಮಿಶ್ರತಳಿ ರೇಷ್ಮೆಯ ಚರಿತ್ರೆ ಬರೆಯುವಾಗ ವಿಜ್ಞಾನಿಗಳ ಹೆಸರಿನ ಪಕ್ಕದಲ್ಲೇ ಈ ಕೈಗಳಿಗೂ ಜಾಗ ಸಲ್ಲಬೇಕು. ನೂಲು ಬಿಚ್ಚಾಣಿಕೆಗೂ ಈ ಭೇದ ಮುಖ್ಯ: ಹೆಣ್ಣಿನ ಗೂಡು ತೂಗುವುದು ಹೆಚ್ಚು, ಆದರೆ ಆ ತೂಕದಲ್ಲಿ ರೇಷ್ಮೆಯ ಪಾಲು ಗಂಡಿನ ಗೂಡಿನಲ್ಲೇ ಜಾಸ್ತಿ.

1933ರಲ್ಲಿ ಜಪಾನಿನ ಹಶಿಮೊತೊ, ಝಡ್ ಎಷ್ಟೇ ಇರಲಿ, ಒಂದು ಡಬ್ಲ್ಯು ಇದ್ದರೆ ಹುಳು ಹೆಣ್ಣೇ ಆಗುತ್ತದೆ ಎಂದು ತೋರಿಸಿದ. 1940ರ ದಶಕದ ಆರಂಭದಲ್ಲಿ ತಾಜಿಮ ಎಂಬಾತ ಎಕ್ಸ್-ಕಿರಣ ಬಳಸಿ, ಮೈಮೇಲೆ ಮಚ್ಚೆ ಮೂಡಿಸುವ ಜೀನನ್ನು ಡಬ್ಲ್ಯುವಿಗೆ ಅಂಟಿಸಿದ. ಮಚ್ಚೆಯಿರುವ ಹುಳು ಹೆಣ್ಣು, ಇಲ್ಲದ್ದು ಗಂಡು ಎಂದು ಮೇಯುವಾಗಲೇ ಗುರುತಿಸಲು ಸಾಧ್ಯವಾಯಿತು. ಇಂಥ ತಳಿಗಳ ಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೂ ದುಡಿದಿದೆ.

ಇಷ್ಟಾದರೂ ಡಬ್ಲ್ಯುವಿನಲ್ಲಿ ಹೆಣ್ತನ ಹುಟ್ಟಿಸುವ ಅಂಶ ಯಾವುದೆಂದು ತಿಳಿದಿರಲಿಲ್ಲ. ಈ ಪ್ರಶ್ನೆಯ ಬೆನ್ನುಹತ್ತಿದ ಭಾರತೀಯರಲ್ಲಿ ಪ್ರಮುಖ, ಜವರೇಗೌಡ ನಾಗರಾಜು. ಬೆಂಗಳೂರಿನ ಕೊಡತಿಯ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಾಲಯದಲ್ಲಿದ್ದು, ಬಳಿಕ ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರಕ್ಕೆ ಹೋದರು. 1995ರಲ್ಲಿ ವಿಜ್ಞಾನಿ ಲಾಲ್‌ಜಿ ಸಿಂಗ್ ಮೊದಲಾದವರೊಂದಿಗೆ ರೇಷ್ಮೆ ತಳಿಗಳ ಡಿಎನ್‌ಎ ಗುರುತುಗಳನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೆ ಬಳಸಿದ ಸಾಧನ ಪಟ್ಟೆ ಕಟ್ಟುಹಾವಿನ ಡಿಎನ್‌ಎ ತುಣುಕು. ಸಿಂಗ್ ಅದನ್ನು ಹುಡುಕಿ ತೆಗೆದದ್ದೇ ಹಾವುಗಳ ಲಿಂಗನಿರ್ಣಯ ಅರಿಯಲು ಹೊರಟಾಗ. 2009ರಲ್ಲಿ ನಾಗರಾಜು ತಂಡ, ವೃಷಣದಲ್ಲಿ ಮಾತ್ರ ಕೆಲಸ ಮಾಡುವ ಜೀನುಗಳು ಝಡ್ ವರ್ಣತಂತುವಿನಲ್ಲಿ ಹೆಚ್ಚಾಗಿ ನೆಲೆಸಿವೆ ಎಂದು ಕಂಡುಕೊಂಡಿತು. ನಂಜುರೋಗ ತಡೆಯುವ ಹುಳುಗಳ ಸಂಶೋಧನೆಯಲ್ಲಿ ಅವರ ಜೊತೆಗಿದ್ದದ್ದು, ಗೌರಿಬಿದನೂರಿಗೆ ಗಡಿ ದಾಟಿದರೆ ಸಿಗುವ ಹಿಂದೂಪುರದ ಕಿರಿಕೆರೆಯ ರೇಷ್ಮೆ ಸಂಸ್ಥೆ. 2012ರ ಡಿಸೆಂಬರ್ 31ರಂದು ಅವರು ತೀರಿಕೊಂಡರು.

ಉತ್ತರ ಸಿಕ್ಕಿದ್ದು 2014ರಲ್ಲಿ, ಟೋಕಿಯೊದ ಕತ್ಸುಮ ತಂಡಕ್ಕೆ. ಡಬ್ಲ್ಯುವಿನಲ್ಲಿ ತುಂಬಿರುವುದು ಜಿಗಿಯುವ ಡಿಎನ್‌ಎಯ ಪುನರಾವರ್ತನೆ. ಪ್ರೋಟೀನು ಹೆಣೆಯುವ ಜೀನಿಗಾಗಿ ಅಲ್ಲಿ ಹುಡುಕಿದವರು ಬರಿಗೈಲಿ ಮರಳಿದ್ದರು. ಹೆಣ್ಣನ್ನು ನಿರ್ಧರಿಸುವುದು ಫೆಮ್ ಎಂಬ ಪುಟ್ಟ ಆರ್‌ಎನ್‌ಎ. ಝಡ್‌ನಲ್ಲಿರುವ ಮಾಸ್ಕ್ ಎಂಬ ಜೀನಿನ ಸಂದೇಶವನ್ನು ಅದು ಕತ್ತರಿಸಿಹಾಕುತ್ತದೆ. ಮಾಸ್ಕ್ ಉಳಿದರೆ ಗಂಡು, ಅಳಿದರೆ ಹೆಣ್ಣು. ಎರಡು ಝಡ್‌ಗಳ ಚಟುವಟಿಕೆಯನ್ನು ಹದದಲ್ಲಿಡುವುದೂ ಮಾಸ್ಕ್‌ನದೇ ಕೆಲಸವಾದ್ದರಿಂದ, ಗಂಡು ಭ್ರೂಣದಲ್ಲಿ ಅದನ್ನು ತಡೆದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ.