ದಪ್ಪ ದುಂಡಚ್ಚಿನ ಗುಣವೂ ಉಪಯೋಗವೂ

ಕನ್ನಡಲಿಪಿಯು ಸ್ವಭಾವತಃ ವರ್ತುಲಾಕಾರವುಳ್ಳುದು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯವರ ವ್ಯಾಕರಣದ ಕಾಲದಿಂದಲೂ ಮುದ್ರಣದ ಮೊಳೆಗಳು ಈ ದುಂಡುತನವನ್ನು ಅನುಸರಿಸಿ ಬಂದುವು. ಈ ಶತಮಾನದಲ್ಲಿ, ಮುಂಬಯಿಯ ಏಕ್ ಟೈಪ್ ಸಂಸ್ಥೆಯವರು ಗಣಕಯಂತ್ರಕ್ಕಾಗಿ ರಚಿಸಿದ ‘ಬಲೂ ತಮ್ಮ’ ಎಂಬ ಅಚ್ಚಿನಲ್ಲಿ ಅದು ಪುಷ್ಟವಾದ ರೇಖೆಯನ್ನೂ ಮೊಂಡಾದ ತುದಿಗಳನ್ನೂ ಪಡೆದಿದೆ. ದೂರದಿಂದ ಓದತಕ್ಕ ನಾಮಫಲಕಗಳಿಗೆ ಇದು ಯೋಗ್ಯವೇ ಸರಿ. ಆದರೆ ರೇಖೆಯು ದಪ್ಪವಾದಷ್ಟೂ ಅಕ್ಷರದೊಳಗಣ ಬಯಲು ಕಿರಿದಾಗುವುದು. ಬೆಂಗಳೂರಿನ ಪಶ್ಚಿಮದ ‘ಹೆಗ್ಗನಹಳ್ಳಿ’ಯ ಹೆಸರಿನಲ್ಲಿಯೇ ಎರಡು ಒತ್ತುಗಳಿವೆ, ಫಲಕದ ಮೇಲೆ ಸ್ಪಷ್ಟವಾಗಿ ತೋರುವ ಅವು ಪುಟದ ಸಣ್ಣ ಅಳತೆಯಲ್ಲಿ ಮಸಿಯ ಬೊಟ್ಟುಗಳಾಗಬಹುದು. ದಕಾರಧಕಾರಗಳನ್ನು ಬೇರ್ಪಡಿಸುವುದು ಅಡಿಯ ಒಂದು ಸೀಳು ಮಾತ್ರ; ಅದು ಮುಚ್ಚಿಹೋದರೆ ‘ಧನ’ವು ‘ದನ’ವಾಗುವುದು. ಆದುದರಿಂದ ಗ್ರಂಥಪಾಠಕ್ಕೆ ತೆಳುವಾದ ಅಚ್ಚೇ ಪ್ರಶಸ್ತವು. ದಪ್ಪಚ್ಚು ಶಿರೋನಾಮಕ್ಕೂ ಫಲಕಕ್ಕೂ ಮೀಸಲಾಗಿರಲಿ.