ಕೆಲಸಕ್ಕೊಂದು ಹೆಸರು, ಹೆಸರಿಗೊಂದು ಸಂಖ್ಯೆ
ಕಟ್ಟಡ ವರ್ಗೀಕರಣದ ಇತಿಹಾಸ ಮತ್ತು ನಮ್ಮ ಜಿಲ್ಲೆ

ಮನೆ ಕಟ್ಟುವವನಿಗೆ ಮನೆ ಎಂದರೆ ಒಂದೇ ವಸ್ತು. ಅದನ್ನು ಅಳೆಯುವವನಿಗೆ ಮಾತ್ರ ಅದು ನೂರಾರು ಕೆಲಸಗಳ ಮೊತ್ತ. ಪಾಯದ ಅಗೆತ, ಕಲ್ಲಿನ ಕಟ್ಟಡ, ಗಿಲಾವು, ಪರಸಿ ಹಾಸು, ಬಾಗಿಲು, ಕಿಟಕಿ, ಮಾಳಿಗೆ ಹೀಗೆ ಪ್ರತಿಯೊಂದಕ್ಕೂ ಬೇರೆ ಅಳತೆ, ಬೇರೆ ದರ. ಈ ಭಾಗಗಳನ್ನು ಎಲ್ಲರೂ ಒಂದೇ ರೀತಿ ಗುರುತಿಸುವಂತೆ ಹೆಸರಿಟ್ಟು, ಸಂಖ್ಯೆ ಕೊಟ್ಟು ಜೋಡಿಸುವುದಕ್ಕೆ ಕಟ್ಟಡ ವರ್ಗೀಕರಣ ಎನ್ನುತ್ತಾರೆ. ಇಂದು ಕಂಪ್ಯೂಟರ್‌ನಲ್ಲಿ ಕಟ್ಟಡದ ಮಾದರಿ ರಚಿಸುವ ತಂತ್ರಾಂಶಗಳಲ್ಲಿ ಈ ಸಂಖ್ಯೆಗಳದೇ ದೊಡ್ಡ ಪಾತ್ರ. ಇದು ಹೊಸ ವಿದ್ಯೆಯೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಹುದು. ಆದರೆ ಇದರ ಹಿಂದಿನ ಅಗತ್ಯ ಬಹಳ ಹಳೆಯದು, ಅದರ ಪಾಠಗಳು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿಯೇ ಇವೆ.

ಹೆಸರು ಮಾತ್ರ ಸಾಲದು

ಹುನಗುಂದ ತಾಲೂಕಿನ ಐಹೊಳೆಗೆ ಹೋದವರು ಅಲ್ಲಿನ ಗುಡಿಗಳ ಹೆಸರನ್ನು ಗಮನಿಸಿರಬಹುದು. ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲದಲ್ಲಿ ಅದರಲ್ಲಿ ವಾಸವಿದ್ದ ಮುಸ್ಲಿಂ ವ್ಯಕ್ತಿಯೊಬ್ಬರಿಂದ. ಗೌಡರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳೂ ಊರಿನ ಜನರ ಬಳಕೆಯಿಂದ ಬಂದವು. ದುರ್ಗ ಗುಡಿಯ ಹೆಸರು ಕೇಳಿ ಅದು ದುರ್ಗಾದೇವಿಯ ಗುಡಿಯೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಅದು ಕೋಟೆಯ ಭಾಗವಾಗಿದ್ದುದರಿಂದ ದುರ್ಗದ ಗುಡಿ ಎನಿಸಿಕೊಂಡಿತು. ಹೆಸರು ಊರಿನ ನೆನಪನ್ನು ಉಳಿಸುತ್ತದೆ, ಆದರೆ ಕಟ್ಟಡ ಯಾವ ಬಗೆಯದೆಂದು ಹೇಳುವುದಿಲ್ಲ. ಕೆಲವೊಮ್ಮೆ ತಪ್ಪು ದಾರಿಗೂ ಎಳೆಯುತ್ತದೆ.

ಬಾದಾಮಿಯ ಗುಹೆಗಳನ್ನು ವಿದ್ವಾಂಸರು ಒಂದರಿಂದ ನಾಲ್ಕರವರೆಗೆ ಸಂಖ್ಯೆಯಿಂದಲೇ ಕರೆಯುತ್ತಾರೆ. ಕ್ರಿ.ಶ. 578ರ ಶಾಸನವಿರುವುದು ಮೂರನೆಯ ಗುಹೆಯಲ್ಲಿ ಎಂದರೆ ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಗೂ ಗೊಂದಲವಿಲ್ಲ. ಆದರೆ ಬರೀ ಮೂರು ಎಂದರೆ ಆ ಗುಹೆಯ ವೈಭವ ಏನೂ ತಿಳಿಯದು. ಹೆಸರಿಲ್ಲದ ಸಂಖ್ಯೆ ಅರ್ಥವಾಗದು, ಸಂಖ್ಯೆಯಿಲ್ಲದ ಹೆಸರು ಲೆಕ್ಕಕ್ಕೆ ಸೇರದು. ಈ ಲೇಖನದ ಸಾರವೂ ಇಷ್ಟೇ.

ಸೂತ್ರಧಾರಿಗಳ ವರ್ಗೀಕರಣ

ಪಟ್ಟದಕಲ್ಲಿನಲ್ಲಿ ನಾಗರ ಮತ್ತು ದ್ರಾವಿಡ ಶೈಲಿಯ ಶಿಖರಗಳು ಅಕ್ಕಪಕ್ಕದಲ್ಲಿ ನಿಂತಿವೆ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರಿನ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿ. ಶಾಸನ ಅವನ ಹೆಸರನ್ನೂ ಬಿರುದುಗಳನ್ನೂ ಉಳಿಸಿದೆ. ಇತ್ತ ಹೂವಿನಹಡಗಲಿ ತಾಲೂಕಿನ ಹೊಳಲಿನಲ್ಲಿರುವ ನಂತರದ ಕಾಲದ ಬರಹವೊಂದು ನಾಗರ, ಕಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಬಗೆಯ ಕಟ್ಟಡಗಳನ್ನು ಬಲ್ಲ ಶಿಲ್ಪಿಯನ್ನು ಹೊಗಳುತ್ತದೆ. ಕಟ್ಟಡವನ್ನು ಬಗೆಗಳಾಗಿ ವಿಂಗಡಿಸಿ, ಪ್ರತಿ ಬಗೆಯ ಅಂಗಗಳಿಗೆ ಅಧಿಷ್ಠಾನ, ಭಿತ್ತಿ, ಶಿಖರ ಎಂದು ಹೆಸರಿಟ್ಟು, ಅಳತೆಯ ನಿಯಮ ಹೇಳುವುದು ನಮ್ಮ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ರೂಢಿಯಲ್ಲಿತ್ತು.

ಮುಂದೆ ಬಹಮನಿ, ಆದಿಲಶಾಹಿ ಕಾಲದಲ್ಲಿ ಈ ಶಬ್ದಕೋಶಕ್ಕೆ ಮತ್ತೊಂದು ಧಾರೆ ಕೂಡಿತು. ಇಂದಿಗೂ ನಮ್ಮ ಗವಂಡಿಗಳು ಆಡುವ ಬುನಾದಿ, ಕಮಾನು, ಗಿಲಾವು, ಗಚ್ಚು ಮುಂತಾದ ಮಾತುಗಳು ಪಾರಸಿಯಿಂದ ಬಂದವು. ಒಂದೂರಿನಲ್ಲಿ ಬುನಾದಿ ಎಂದದ್ದನ್ನು ಇನ್ನೊಂದೂರಿನಲ್ಲಿ ಪಾಯ ಎನ್ನುತ್ತಾರೆ, ಮತ್ತೊಂದೆಡೆ ಅಡಿಪಾಯ ಎನ್ನುತ್ತಾರೆ. ಎದುರುಬದುರು ನಿಂತು ಮಾತನಾಡುವಾಗ ಇದರಿಂದ ತೊಂದರೆಯಿಲ್ಲ. ಕಾಗದದ ಮೇಲೆ ಲೆಕ್ಕ ಬರೆಯುವಾಗ ಮಾತ್ರ ತೊಂದರೆ.

ಅಳತೆ ಪುಸ್ತಕ

ಬ್ರಿಟಿಷರ ಕಾಲದ ಲೋಕೋಪಯೋಗಿ ಇಲಾಖೆ ಈ ತೊಂದರೆಗೆ ಕಂಡುಕೊಂಡ ಪರಿಹಾರ ಎರಡು: ದರಪಟ್ಟಿ ಮತ್ತು ಅಳತೆ ಪುಸ್ತಕ. ಇಂದಿಗೂ ಇವನ್ನು ಎಸ್.ಆರ್. ಮತ್ತು ಎಂ.ಬಿ. ಎಂದೇ ಎಲ್ಲರೂ ಕರೆಯುತ್ತಾರೆ. ದರಪಟ್ಟಿಯಲ್ಲಿ ಪ್ರತಿ ಕೆಲಸಕ್ಕೆ ಸಂಖ್ಯೆ, ವಿವರಣೆ, ಅಳತೆಯ ಘಟಕ, ದರ ಇರುತ್ತದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ 2ನೇ ಅಧ್ಯಾಯ ಮಣ್ಣಿನ ಕೆಲಸ, 4ನೇ ಅಧ್ಯಾಯ ಕಾಂಕ್ರೀಟ್, 7ನೇ ಅಧ್ಯಾಯ ಕಲ್ಲಿನ ಕೆಲಸ. ನಮ್ಮ ರಾಜ್ಯದ ಇಲಾಖೆಗೂ ತನ್ನದೇ ದರಪಟ್ಟಿಯಿದೆ.

ಸ್ವಾತಂತ್ರ್ಯಾನಂತರ ಅಳೆಯುವ ವಿಧಾನವನ್ನೇ ದೇಶಕ್ಕೆಲ್ಲ ಒಂದಾಗಿಸಲು ಐ.ಎಸ್. 1200 ಎಂಬ ಭಾರತೀಯ ಮಾನಕ ಬಂದಿತು. ಇದರ 1ನೇ ಭಾಗ ಮಣ್ಣಿನ ಕೆಲಸಕ್ಕೆ, 3ನೇ ಭಾಗ ಇಟ್ಟಿಗೆ ಕಟ್ಟಡಕ್ಕೆ, 4ನೇ ಭಾಗ ಕಲ್ಲಿನ ಕಟ್ಟಡಕ್ಕೆ, 12ನೇ ಭಾಗ ಗಿಲಾವಿಗೆ. ಇಟ್ಟಿಗೆ ಗೋಡೆಯಲ್ಲಿ 0.1 ಚದರ ಮೀಟರ್‌ವರೆಗಿನ ಸಣ್ಣ ಕಿಂಡಿಯನ್ನು ಅಳತೆಯಿಂದ ಕಳೆಯಬಾರದು ಎಂಬಂಥ ಸೂಕ್ಷ್ಮ ನಿಯಮಗಳೂ ಇದರಲ್ಲಿವೆ. ಕಿಂಡಿ ಬಿಡುವುದೂ ಗವಂಡಿಯ ದುಡಿಮೆಯೇ ಅಲ್ಲವೇ?

ಮುಳುಗಡೆಯ ಪಾಠ

ವರ್ಗೀಕರಣ ಬರೀ ಕಚೇರಿಯ ಕಾಗದವಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ದೊಡ್ಡ ಭಾಗ ಹಾಗೂ ಸುತ್ತಲಿನ ಅನೇಕ ಹಳ್ಳಿಗಳು ಸಿಕ್ಕವು. ಪುನರ್ವಸತಿಗಾಗಿ 1983ರ ಕಾಯ್ದೆಯಂತೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರೂಪುಗೊಂಡಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಹೊಸ ಊರಿನ ಯೋಜನೆ ರೂಪಿಸಿದರು. ಹೀಗೆ ಎದ್ದ ನವನಗರದಲ್ಲಿ ಹಳೆಯ ಓಣಿ, ಗಲ್ಲಿಗಳ ಜಾಗದಲ್ಲಿ ಸೆಕ್ಟರ್ ಸಂಖ್ಯೆ, ನಿವೇಶನ ಸಂಖ್ಯೆ ಬಂದವು.

ಭೂಸ್ವಾಧೀನದಲ್ಲಿ ಮನೆಗೆ ಬೆಲೆ ಕಟ್ಟುವುದೆಂದರೆ ಮನೆಯನ್ನು ಕೆಲಸಗಳಾಗಿ ಬಿಡಿಸುವುದು. ಗೋಡೆ ಕಲ್ಲು ಮಣ್ಣಿನದೋ, ಕಲ್ಲು ಗಾರೆಯದೋ? ಮಾಳಿಗೆ ತೊಲೆ ಜಂತಿಯ ಮೇಲ್ಮುದ್ದೆಯೋ, ಆರ್.ಸಿ.ಸಿ.ಯೋ? ನೆಲ ಪರಸಿಯೋ, ಗಚ್ಚೋ? ಒಂದೊಂದು ಉತ್ತರಕ್ಕೂ ಒಂದೊಂದು ದರ. ಇಂದಿನ ದರಪಟ್ಟಿಯಲ್ಲಿ ಹಳೆಯ ಕಾಲದ ಕೆಲಸಕ್ಕೆ ಸರಿಯಾದ ಸಾಲು ಇಲ್ಲದಿದ್ದರೆ, ಅಜ್ಜನ ಕಾಲದ ತೇಗದ ತೊಲೆಯೂ ಸಾದಾ ಕಟ್ಟಿಗೆಯ ಸಾಲಿಗೆ ಬೀಳುತ್ತದೆ. ಬರೆಯುವವನು ಪ್ರಾಮಾಣಿಕನಿದ್ದರೂ ಪಟ್ಟಿ ಅಪೂರ್ಣವಿದ್ದರೆ ಮನೆಯವನಿಗೆ ನಷ್ಟವೇ.

1894ರ ಕಾಯ್ದೆಯ 18ನೇ ಕಲಮಿನಂತೆ ಬೆಲೆ ಒಪ್ಪದವರು ನ್ಯಾಯಾಲಯಕ್ಕೆ ಪ್ರಕರಣ ಕಳಿಸಲು ಕೋರಬಹುದಿತ್ತು. ಅದರ ಸ್ಥಾನದಲ್ಲಿ ಬಂದ 2013ರ ಕಾಯ್ದೆಯ 29ನೇ ಕಲಮಿನಂತೆ ಕಟ್ಟಡದ ಬೆಲೆ ನಿರ್ಧರಿಸಲು ಸಮರ್ಥ ಇಂಜಿನಿಯರ್ ಸೇವೆ ಪಡೆಯಬಹುದು. 64ನೇ ಕಲಂ ಆಕ್ಷೇಪಣೆಗೆ ಅವಕಾಶ ಕೊಡುತ್ತದೆ. ಆದರೆ ಆಕ್ಷೇಪಿಸುವವನ ಕೈಯಲ್ಲಿ ತನ್ನ ಮನೆಯ ಸ್ಪಷ್ಟ ವಿವರ ಇದ್ದಾಗ ಮಾತ್ರ ಆ ಅವಕಾಶಕ್ಕೆ ಬಲ. ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ನೀಡಿದೆ. ಅದು ಜಾರಿಯಾಗುವಾಗ ಇನ್ನಷ್ಟು ಮನೆಗಳ ಅಳತೆ ಪುಸ್ತಕ ಬರೆಯಬೇಕಾಗುತ್ತದೆ.

ಜಗತ್ತಿನ ಪಟ್ಟಿಗಳು

ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಮನೆಗಳನ್ನು ಬೇಗ ಬೇಗ ಕಟ್ಟಬೇಕಾದಾಗ ಇದೇ ಪ್ರಶ್ನೆ ಎದ್ದಿತು. ಸ್ವೀಡನ್ ದೇಶದಲ್ಲಿ ಎಸ್.ಎಫ್.ಬಿ. ಎಂಬ ಪದ್ಧತಿ ಹುಟ್ಟಿತು. ಬ್ರಿಟನ್ ಅದನ್ನು ತನಗೆ ಹೊಂದಿಸಿಕೊಂಡಿತು, 1997ರಲ್ಲಿ ಯೂನಿಕ್ಲಾಸ್ ಎಂಬ ಹೊಸ ಪಟ್ಟಿ ತಂದಿತು. ಅಮೆರಿಕದ ಮಾಸ್ಟರ್‌ಫಾರ್ಮ್ಯಾಟ್ ಕೆಲಸಗಳನ್ನು ಬಹುಕಾಲ 16 ವಿಭಾಗಗಳಲ್ಲಿ ಇರಿಸಿತ್ತು, 2004ರಲ್ಲಿ ಅವು 50 ಆದವು. ಅದರಲ್ಲಿ 03 ಎಂದರೆ ಕಾಂಕ್ರೀಟ್, 04 ಎಂದರೆ ಕಲ್ಲು ಇಟ್ಟಿಗೆಯ ಕಟ್ಟಡ. ಯೂನಿಫಾರ್ಮ್ಯಾಟ್ ಎಂಬ ಇನ್ನೊಂದು ಪಟ್ಟಿ ಸಾಮಗ್ರಿಯನ್ನು ನೋಡದೆ ಅಂಗವನ್ನು ನೋಡುತ್ತದೆ. ಅದರಲ್ಲಿ ಬಿ 2010 ಎಂದರೆ ಹೊರಗೋಡೆ. ಅದು ಬಾದಾಮಿಯ ಮರಳುಗಲ್ಲಿನದಿರಲಿ, ಇಟ್ಟಿಗೆಯದಿರಲಿ, ಸಂಖ್ಯೆ ಒಂದೇ. ಇಂಥ ಪಟ್ಟಿಗಳನ್ನು ಹೇಗೆ ರಚಿಸಬೇಕೆಂಬ ಚೌಕಟ್ಟನ್ನು ಐ.ಎಸ್.ಓ. 12006-2 ಎಂಬ ಅಂತರರಾಷ್ಟ್ರೀಯ ಮಾನಕ 2001ರಲ್ಲಿ ಕೊಟ್ಟಿತು.

ಕಂಪ್ಯೂಟರಿನಲ್ಲಿ ಸಂಖ್ಯೆ

ಕಟ್ಟಡ ಮಾಹಿತಿ ಮಾದರಿ, ಅಂದರೆ ಬಿ.ಐ.ಎಂ., ಬರೀ ನಕ್ಷೆಯಲ್ಲ. ನಕ್ಷೆಯಲ್ಲಿ ಗೋಡೆ ಎಂದರೆ ಎರಡು ಗೆರೆ. ಮಾದರಿಯಲ್ಲಿ ಅದು ಉದ್ದ, ಎತ್ತರ, ದಪ್ಪ, ಸಾಮಗ್ರಿಗಳನ್ನು ತನ್ನೊಳಗೇ ಇಟ್ಟುಕೊಂಡ ಗೋಡೆ. 2000ದಲ್ಲಿ ಮಾರುಕಟ್ಟೆಗೆ ಬಂದು 2002ರಲ್ಲಿ ಆಟೋಡೆಸ್ಕ್ ಕಂಪನಿಯ ಪಾಲಾದ ರೆವಿಟ್ ಈ ಬಗೆಯ ಹೆಸರಾಂತ ತಂತ್ರಾಂಶ. ಅದರಲ್ಲಿ ಪ್ರತಿ ಗೋಡೆಯ ಬಗೆಗೆ ಅಸೆಂಬ್ಲಿ ಕೋಡ್ ಎಂಬ ಖಾನೆಯಿದೆ. ಅಲ್ಲಿ ಯೂನಿಫಾರ್ಮ್ಯಾಟ್ ಸಂಖ್ಯೆ ತುಂಬಿದರೆ, ಇಡೀ ಕಟ್ಟಡದ ಹೊರಗೋಡೆಗಳ ಪಟ್ಟಿಯನ್ನು ತಂತ್ರಾಂಶ ಒಂದೇ ಕಡೆ ಕೂಡಿಸಿ ಕೊಡುತ್ತದೆ.

ವಿದ್ಯಾರ್ಥಿಗಳು ಮುಖ್ಯವಾಗಿ ತಿಳಿಯಬೇಕಾದದ್ದು ಇದು: ಆ ಸಂಖ್ಯೆಗಳ ಪಟ್ಟಿ ಒಂದು ಸಾದಾ ಪಠ್ಯ ಕಡತ. ಅದನ್ನು ಬದಲಿಸಿ ನಮ್ಮ ರಾಜ್ಯದ ದರಪಟ್ಟಿಯ ಸಂಖ್ಯೆಗಳನ್ನು ಸೇರಿಸಬಹುದು. ತೊಲೆ ಜಂತಿ ಮಾಳಿಗೆ, ಕಲ್ಲು ಮಣ್ಣಿನ ಗೋಡೆ, ಬೆಳಕಿಂಡಿ ಮುಂತಾದವಕ್ಕೆ ಹೊಸ ಸಾಲು ಬರೆಯಬಹುದು. ಅಮೆರಿಕದ ಪಟ್ಟಿ ನಮ್ಮ ಮನೆಯನ್ನು ಅರಿಯದಿದ್ದರೆ ಅದು ನಮ್ಮ ಮನೆಯ ದೋಷವಲ್ಲ. ಪಟ್ಟಿಯನ್ನು ಬೆಳೆಸಬೇಕಾದವರು ನಾವೇ.

ಎಚ್ಚರಿಕೆಯ ಮಾತೂ ಒಂದಿದೆ. ಕಂಪ್ಯೂಟರ್ ಗೋಡೆಯ ಘನ ಅಳತೆ ಕೊಡುವಾಗ ಪ್ರತಿ ಸಣ್ಣ ಕಿಂಡಿಯನ್ನೂ ತಪ್ಪದೆ ಕಳೆಯುತ್ತದೆ. ಐ.ಎಸ್. 1200 ಸಣ್ಣ ಕಿಂಡಿಯನ್ನು ಕಳೆಯಬೇಡ ಎನ್ನುತ್ತದೆ. ಆದುದರಿಂದ ತಂತ್ರಾಂಶದ ಅಂಕಿ ಹಾಗೂ ಬಿಲ್ಲಿನ ಅಂಕಿ ಒಂದೇ ಆಗಿರಬೇಕಿಲ್ಲ. ಸಂಖ್ಯೆಯ ಜೊತೆಗೆ ಅಳತೆಯ ನಿಯಮವನ್ನೂ ಬಲ್ಲವನೇ ಸರಿಯಾದ ಲೆಕ್ಕ ಬರೆಯಬಲ್ಲ. ಹಾಗೆಯೇ ಇಳಕಲ್ಲಿನ ಕೆಂಪು ಗ್ರಾನೈಟ್ ಮಾರುಕಟ್ಟೆಯಲ್ಲಿ ಒಂದಕ್ಕಿಂತ ಹೆಚ್ಚು ವ್ಯಾಪಾರಿ ಹೆಸರುಗಳಲ್ಲಿ ಮಾರಾಟವಾಗುತ್ತದೆ. ಮಾದರಿಯಲ್ಲಿ ಕಲ್ಲಿನ ಜಾತಿ, ಬಣ್ಣ, ಗಣಿಯ ಊರು ಮೂರನ್ನೂ ಬರೆದಿಟ್ಟರೆ ಒಂದು ಕಲ್ಲಿನ ಬದಲು ಇನ್ನೊಂದು ಬರುವ ಭಯವಿಲ್ಲ, ನಮ್ಮ ಇಳಕಲ್ಲಿನ ಹೆಸರೂ ಉಳಿಯುತ್ತದೆ.

ಸಿವಿಲ್ ಡಿಪ್ಲೊಮಾ, ಐ.ಟಿ.ಐ., ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಕ್ಕಳು ರಜೆಯಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಓಣಿಯ ಹಳೆಯ ಮನೆಯೊಂದನ್ನು ಅಳೆದು, ಹಿರಿಯ ಗವಂಡಿಯನ್ನು ಕೇಳಿ ಪ್ರತಿ ಅಂಗದ ಹೆಸರು ಬರೆದುಕೊಂಡು, ಅದರ ಎದುರು ದರಪಟ್ಟಿಯ ಸಂಖ್ಯೆ ಹುಡುಕಲಿ. ಸಂಖ್ಯೆ ಸಿಗದ ಸಾಲುಗಳನ್ನು ಬೇರೆಯಾಗಿ ಗುರುತಿಸಲಿ. ನಾಳೆ ಆ ಮನೆಗೆ ಬೆಲೆ ಕಟ್ಟುವ ದಿನ ಬಂದರೆ, ಖಾಲಿ ಉಳಿದ ಆ ಸಾಲುಗಳ ಬಗ್ಗೆಯೇ ಮೊದಲು ಮಾತನಾಡಬೇಕಾಗುತ್ತದೆ.